ಕೆಲವು ನಿಮಿಷಗಳಲ್ಲಿ ಹತ್ತು ಮಳೆಗಾಲ

ಹುಬ್ಬಳ್ಳಿ, 12 ಜುಲೈ 2024, ಶುಕ್ರವಾರ

ಎರಡನೆಯ ವರ್ಷದ ಡಿಸೈನ್ ವಿದ್ಯಾರ್ಥಿಗಳಿಗೆ ಈ ಸೆಮಿಸ್ಟರಿನಲ್ಲಿ ಕಟ್ಟಡ ನಿರ್ಮಾಣದ ಪಾಠವನ್ನು ವರ್ಚುವಲ್ ರಿಯಾಲಿಟಿ ಆಟದ ಮೂಲಕ ಕಲಿಸುತ್ತಿದ್ದೇನೆ. ಇಂದು ಸ್ಲ್ಯಾಬಿನ ಹಂತ ಮುಗಿಯಿತು. ಹೆಡ್‌ಸೆಟ್ ತೊಟ್ಟವರ ಕಣ್ಣೆದುರು ಖಾಲಿ ನಿವೇಶನವೊಂದು ತೆರೆದುಕೊಳ್ಳುತ್ತದೆ. ಪಾಯ ಅಗೆಯುವುದರಿಂದ ಹಿಡಿದು ಗಿಲಾವು ಮಾಡುವವರೆಗೆ ಎರಡು ಕೋಣೆಗಳ ಮನೆಯೊಂದನ್ನು ಅವರೇ ಕಟ್ಟಬೇಕು. ಯಾವ ಕೆಲಸವಾದ ಮೇಲೆ ಯಾವುದನ್ನು ಕೈಗೆತ್ತಿಕೊಳ್ಳಬೇಕು ಎಂಬುದನ್ನು ಆಟ ಹೇಳಿಕೊಡುವುದಿಲ್ಲ.

ಇಂಥ ಆಟಗಳ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಹೊಗಳುವುದು, ಕುಳಿತಲ್ಲಿಯೇ ಇನ್ನೊಂದು ಸ್ಥಳದಲ್ಲಿರುವ ಅನುಭವವನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಟ ಒದಗಿಸುವ ಕಾಲ. ಮನೆಯೊಂದು ಮೇಲೇಳಲು ವರ್ಷವಾದರೂ ಬೇಕು, ಸೆಮಿಸ್ಟರು ಕೆಲವೇ ತಿಂಗಳುಗಳದು. ನವನಗರದಲ್ಲೋ ವಿದ್ಯಾನಗರದಲ್ಲೋ ನಡೆಯುತ್ತಿರುವ ಕೆಲಸವನ್ನು ತೋರಿಸಲು ಕರೆದೊಯ್ದರೆ ವಿದ್ಯಾರ್ಥಿಗಳಿಗೆ ಸಿಗುವುದು ಆ ದಿನದ ಹಂತವೊಂದೇ. ಅದರ ಹಿಂದಿನದು ಆಗಲೇ ಮುಚ್ಚಿಹೋಗಿರುತ್ತದೆ, ಮುಂದಿನದನ್ನು ನೋಡಲು ಅವರು ಅಲ್ಲಿರುವುದಿಲ್ಲ.

ಸರಳುಗಳನ್ನು ಹಲಗೆಯಿಂದ ತುಸು ಮೇಲೆತ್ತಿ ಹಿಡಿಯುವ ಪುಟ್ಟ ಬಿಲ್ಲೆಯ, ಅಂದರೆ ಕವರ್ ಬ್ಲಾಕಿನ, ಇವತ್ತಿನ ಪ್ರಸಂಗವನ್ನೇ ನೋಡಿ. ಸ್ಲ್ಯಾಬಿನ ಸರಳುಗಳ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕೆಂದು ತರಗತಿಯಲ್ಲಿ ಹೇಳಿದ್ದೆ, ಎಲ್ಲರೂ ಬರೆದುಕೊಂಡಿದ್ದರು. ಆದರೂ ಆಟದಲ್ಲಿ ಅನೇಕರು ಸರಳುಗಳನ್ನು ನೇರವಾಗಿ ಸೆಂಟ್ರಿಂಗ್ ಹಲಗೆಯ ಮೇಲೆಯೇ ಹರಡಿ ಕಾಂಕ್ರೀಟ್ ಸುರಿದರು. ಸ್ಲ್ಯಾಬು ಅಂದವಾಗಿಯೇ ಬಂತು. ಅನಂತರ ಕಾಲವನ್ನು ಮುಂದಕ್ಕೆ ಓಡಿಸಿದೆವು. ಮಳೆಗಾಲಗಳು ಒಂದರ ಹಿಂದೊಂದು ಸರಿದುಹೋದಂತೆ ತೇವ ಒಳಗಿಳಿಯಿತು, ಸರಳಿಗೆ ತುಕ್ಕು ಹಿಡಿಯಿತು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಒತ್ತಡ ಬಿದ್ದು ಛತ್ತಿನ ಕೆಳಪದರ ಹೊಪ್ಪಳಿಕೆಯಾಗಿ ಉದುರತೊಡಗಿತು. ತಾವು ಕಟ್ಟಿದ ಮನೆಯೊಳಗೇ ನಿಂತು, ತಲೆಯೆತ್ತಿ ಅದನ್ನು ನೋಡಿದ ವಿದ್ಯಾರ್ಥಿನಿಯೊಬ್ಬಳು ಹೆಡ್‌ಸೆಟ್ ತೆಗೆದವಳೇ, "ಸರ್, ನಮ್ಮ ಮನಿ ಪಡಸಾಲಿ ಛತ್ತಿನಾಗೂ ಹಿಂಗ ಆಗೇತ್ರಿ" ಎಂದಳು.

ನಮ್ಮ ಭಾಗದ ಎರೆಮಣ್ಣಿನ ಪಾಠಕ್ಕೂ ಇದೇ ದಾರಿ ಒದಗಿತು. ನೀರು ಕುಡಿದರೆ ಉಬ್ಬುವ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣಿನ ಗುಣ ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದಿಂದ ಬಂದದ್ದು. ಆಳವಿಲ್ಲದ ಪಾಯದ ಮೇಲೆ ನಿಂತ ಗೋಡೆ ಋತುಮಾನಕ್ಕೆ ತಕ್ಕಂತೆ ಏರಿಳಿದು, ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುವುದನ್ನು ಆಟ ನಿಮಿಷದೊಳಗೆ ತೋರಿಸುತ್ತದೆ. ಇದನ್ನು ಕಂಡ ಮೇಲೆ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಎಂಬ ಪಾಯದ ಕಂಬವನ್ನು ಋತುಮಾನದ ಹಿಗ್ಗು ಕುಗ್ಗು ತಲುಪದ ಆಳದಲ್ಲಿ ಏಕೆ ನೆಡುತ್ತಾರೆಂದು ವಿವರಿಸಲು ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಆಟವನ್ನು ರೂಪಿಸಿಕೊಟ್ಟ ತರುಣರೊಂದಿಗೆ ಒಂದು ವಿಷಯದಲ್ಲಿ ದೀರ್ಘವಾಗಿ ಚರ್ಚಿಸಬೇಕಾಯಿತು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸ್ಲ್ಯಾಬಿಗೆ, ಅದರ ಹರವು 4.5 ಮೀಟರಿನೊಳಗಿದ್ದರೆ 7 ದಿನ, ಮೀರಿದರೆ 14 ದಿನ ಆಧಾರದ ಕಂಬಗಳನ್ನು ತೆಗೆಯಬಾರದೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ಅವಸರಪಟ್ಟು ತೆಗೆದವರ ಸ್ಲ್ಯಾಬು ಪ್ರತಿ ಸಲವೂ ಧಡಾರನೆ ಕುಸಿಯಬೇಕು, ಆಗ ಆಟಕ್ಕೆ ರಂಗು ಬರುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ನಾನು ಒಪ್ಪಲಿಲ್ಲ. ಕುಸಿತ ಸಂಭವಿಸುತ್ತದೆ, ಜೀವಗಳೂ ಹೋಗುತ್ತವೆ. ಆದರೆ ಹೆಚ್ಚಿನ ಸಲ ಸ್ಲ್ಯಾಬು ತುಸು ಬಾಗಿ, ಸಣ್ಣ ಬಿರುಕು ಬಿಟ್ಟು, ಸೋರುತ್ತ ಉಳಿಯುತ್ತದೆ. ಪ್ರತಿ ತಪ್ಪಿಗೂ ಸಿಡಿಲಿನಂಥ ಶಿಕ್ಷೆ ತೋರಿಸಿದರೆ, ಬೀಳದೆ ನಿಂತದ್ದೆಲ್ಲ ಸರಿಯಾಗಿದೆ ಎಂಬ ನಂಬಿಕೆ ಮಕ್ಕಳಲ್ಲಿ ಬೇರೂರುತ್ತದೆ. ಬೇಗ ಮುಗಿಸಿದವರಿಗೆ ಹೆಚ್ಚು ಅಂಕ ಕೊಡುವ ಏರ್ಪಾಡನ್ನೂ ಇದೇ ಕಾರಣಕ್ಕೆ ತೆಗೆಸಿದೆ.

ಕೆಲವರಿಗೆ ತಲೆ ಸುತ್ತಿತು. ನಡೆಯುತ್ತಿದ್ದೇವೆಂದು ಕಣ್ಣು ಹೇಳುವಾಗ ಒಳಗಿವಿ ನಿಂತಿದ್ದೇವೆಂದು ಹೇಳುವುದೇ ಇದಕ್ಕೆ ಕಾರಣ. ಅಂಥವರು ಕುರ್ಚಿಯಲ್ಲಿ ಕುಳಿತು, ಬೇಕಾದ ಜಾಗಕ್ಕೆ ನೇರವಾಗಿ ಜಿಗಿಯುವ ವಿಧಾನದಲ್ಲಿ ಆಡಿದರು. ಉಳಿದವರು ಪರದೆಯ ಮೇಲೆ ನೋಡುತ್ತ ನಡೆಸಿದ ವಾದವಿವಾದವೂ ಒಳ್ಳೆಯ ಪಾಠವೇ ಆಗಿತ್ತು.

ಮಧ್ಯಾಹ್ನ, ನಮ್ಮ ಕಾಲೇಜಿನ ಕೆಲಸಗಳಿಗೆ ಬರುವ ಹಿರಿಯ ಗೌಂಡಿಯೊಬ್ಬರನ್ನು ಕರೆದು ಹೆಡ್‌ಸೆಟ್ ತೊಡಿಸಿದೆ. ಅವರು ಸಾವಧಾನವಾಗಿ ನಾಲ್ಕು ವರಸೆ ಇಟ್ಟಂಗಿ ಇಟ್ಟು, ಸಂದುಗಳು ಒಂದರ ಮೇಲೊಂದು ಬಾರದಂತೆ ನೋಡಿಕೊಂಡು, "ಕಟ್ಟೂ ರೀತಿ ಬರೋಬರಿ ಐತ್ರಿ ಸರ, ಆದ್ರ ಮಾಲು ಹದಕ್ಕ ಬಂದೈತೋ ಇಲ್ಲೋ ಅನ್ನೂದು ಥಾಪಿ ಹಿಡದ ಕೈಗೇ ತಿಳೀಬೇಕ್ರಿ" ಎಂದರು. ಅದು ನಿಜ. ಇಟ್ಟಂಗಿಯ ಭಾರ, ಒಣ ಇಟ್ಟಂಗಿ ಮಾಲಿನ (ಗಾರೆಯ) ನೀರನ್ನು ಹೀರಿಬಿಡುವ ವೇಗ, ಇವು ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಸೋಮವಾರದಿಂದ ಅವರ ಮೇಲ್ವಿಚಾರಣೆಯಲ್ಲಿ ಕಾಲೇಜಿನ ಹಿಂಬದಿಯ ಶೆಡ್ಡಿನಲ್ಲಿ, ಪ್ರತಿ ಗುಂಪು ಆಟದಲ್ಲಿ ಕಟ್ಟಿದ ಗೋಡೆಯ ಒಂದು ಮೂಲೆಯನ್ನು ನಿಜವಾದ ಇಟ್ಟಂಗಿಯಲ್ಲಿ ಕಟ್ಟಿ, ಓಳಂಬ ಹಿಡಿದು ಪರೀಕ್ಷಿಸಬೇಕೆಂದು ಗೊತ್ತುಮಾಡಿದ್ದೇನೆ. ಉಸುಕು ಮತ್ತು ಸಿಮೆಂಟಿಗೆ ಪ್ರಾಚಾರ್ಯರ ಒಪ್ಪಿಗೆ ಸಂಜೆಯೇ ದೊರೆಯಿತು.