ಕಾಂಪೊಸಿಟ್ ಡೆಕ್‌ಗೆ ಯಾವ ಸ್ಕ್ರೂ, ಯಾವ ಕ್ಲಿಪ್: ಅಮೆರಿಕದಿಂದ ಹುಬ್ಬಳ್ಳಿ-ಧಾರವಾಡದ ಮಂದಿಗೆ

ಇಲ್ಲಿ ಮನೆ ಹಿಂದೆ ಕಟ್ಟಿಸುವ ಡೆಕ್‌ಗೆ, ಅಂದರೆ ಹಲಗೆ ಹಾಸಿದ ತೆರೆದ ಜಗಲಿಗೆ, ಬಹಳ ಮಂದಿ ಹಾಕಿಸುವುದು ಮರದ ಪುಡಿ, ಪ್ಲಾಸ್ಟಿಕ್ ಕಲಸಿ ಮಾಡಿದ ಕಾಂಪೊಸಿಟ್ ಹಲಗೆ. ಊರಲ್ಲಿ ಡಬ್ಲ್ಯುಪಿಸಿ ಅಂತ ಮಾಳಿಗೆಗೆ ಹಾಕಿಸುವುದೂ ಇದೇ ಜಾತಿಯದು. ಹಲಗೆಯ ಬಣ್ಣಕ್ಕೆ ನಾಲ್ಕು ಅಂಗಡಿ ತಿರುಗುವವರು ಸ್ಕ್ರೂ ಮಾತ್ರ ಬಡಿಗೇರರು ತಂದದ್ದನ್ನೇ ಹಾಕಿಸುತ್ತಾರೆ. ಹಾಗೆ ಮಾಡಬೇಡ್ರಿ.

ಮರ ನೀರು ಕುಡಿದು ಅಗಲಕ್ಕೆ ಉಬ್ಬುತ್ತದೆ. ಕಾಂಪೊಸಿಟ್ ಹಾಗಲ್ಲ, ಬಿಸಿಲಿಗೆ ಉದ್ದಕ್ಕೆ ಬೆಳೆದು ರಾತ್ರಿ ಕುಗ್ಗುತ್ತದೆ. ಈ ಓಡಾಟಕ್ಕೆ ಜಾಗ ಬಿಡುವುದು ಹಲಗೆಯ ಅಂಚಿನ ಉದ್ದಕ್ಕೂ ಕೊರೆದ ಗ್ರೂವ್‌ನಲ್ಲಿ (ಕಾಲುವೆಯಂಥ ಸೀಳಿನಲ್ಲಿ) ಕೂಡುವ ಕ್ಲಿಪ್. ಅದು ಹಲಗೆಯನ್ನು ಒತ್ತಿ ಹಿಡಿಯುತ್ತದೆ, ಹಲಗೆಗಳ ನಡುವೆ 5-6 ಮಿ.ಮೀ. ಸಂದನ್ನೂ ತಾನೇ ಕಾಯುತ್ತದೆ, ಮೇಲೆ ತೂತು ಕಾಣುವುದಿಲ್ಲ. ಒಂದು ಕ್ಲಿಪ್ ಹಾಕಿದ ಕೂಡಲೇ ಪೂರ್ತಿ ಬಿಗಿದರೆ ಮುಂದಿನ ಹಲಗೆ ಒಳಗೆ ಹೋಗದು; ಅರ್ಧ ಬಿಗಿದು, ಹಲಗೆ ಕೂಡಿಸಿ, ಆಮೇಲೆ ಪೂರ್ತಿ ಬಿಗಿಯಬೇಕು. ಮೊದಲ ಮತ್ತು ಕೊನೆಯ ಹಲಗೆಗೆ ಮಾತ್ರ ಒಂದೇ ಬದಿಗೆ ಹಿಡಿಯುವ ಸ್ಟಾರ್ಟರ್ ಕ್ಲಿಪ್ ಅಥವಾ ಮೇಲಿಂದ ಸ್ಕ್ರೂ.

ಗ್ರೂವ್ ಇಲ್ಲದ ಹಲಗೆಗೆ ಮೇಲಿಂದಲೇ ಸ್ಕ್ರೂ: ಹಲಗೆಯನ್ನು ಕೆಳಗಿಂದ ಹೊರುವ ಪ್ರತಿ ಜಂತಿಗೆ ಎರಡು, ಅಂಚಿನಿಂದ ಒಂದು ಇಂಚು ಒಳಗೆ, ಉದ್ದ ಎರಡೂವರೆ ಇಂಚು. ಸಾದಾ ಸ್ಕ್ರೂ ಹಾಕಿದರೆ ಕೊರೆದ ಪುಡಿ ಮೇಲೆದ್ದು ತಲೆಯ ಸುತ್ತ ಗುಳ್ಳೆಯಾಗಿ ನಿಲ್ಲುತ್ತದೆ. ಕಾಂಪೊಸಿಟ್‌ಗೆಂದೇ ಮಾಡಿದ ಸ್ಕ್ರೂಗೆ ತಲೆಯ ಕೆಳಗೆ ಬೇರೆಯೇ ಒಂದು ಥ್ರೆಡ್ (ತಿರುಪಿನ ಸುತ್ತು) ಇರುತ್ತದೆ, ಅದು ಗುಳ್ಳೆ ಏಳಗೊಡುವುದಿಲ್ಲ. ಜಿಪ್ಸಮ್ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ ಬೇಡವೇ ಬೇಡ. ಅದು ಪೆಡಸು, ಹಲಗೆ ಎಳೆದಾಗ ತಲೆ ಮುರಿಯುತ್ತದೆ, ಮಳೆಗೆ ತುಕ್ಕೂ ಹಿಡಿಯುತ್ತದೆ. ಹಲಗೆಯ ತುದಿಯಲ್ಲಿ ಮೊದಲೇ ತೂತು ಕೊರೆಯದಿದ್ದರೆ ಸೀಳು ಬೀಳಬಹುದು.

ಯಾವ ಉಕ್ಕು ಎಂಬುದನ್ನು ಕೆಳಗಿನ ಜಂತಿ ನಿರ್ಧರಿಸುತ್ತದೆ. ಇಲ್ಲಿ ಜಂತಿ ಔಷಧಿ ಹಾಕಿದ ಕಟ್ಟಿಗೆಯದು. ಅಮೆರಿಕದ ಮನೆಗಳ ಕಟ್ಟಿಗೆ ಹುಳು ಹಿಡಿಯದಂತೆ, ಕೊಳೆಯದಂತೆ ಹಾಕುತ್ತಿದ್ದ ಆರ್ಸೆನಿಕ್ ಇರುವ ಸಿಸಿಎ ಔಷಧಿ 2003ರ ಕೊನೆಗೆ ನಿಂತಿತು. ಆಮೇಲೆ ಬಂದವುಗಳಲ್ಲಿ ತಾಮ್ರ ಹೆಚ್ಚು, ಅದು ತೆಳು ಜಿಂಕ್ ಲೇಪದ ಸ್ಕ್ರೂವನ್ನು ತಿಂದುಹಾಕುತ್ತದೆ. ಅದಕ್ಕೇ ಇಲ್ಲಿ ವಿಶೇಷ ಲೇಪದ್ದು ಅಥವಾ ಸ್ಟೇನ್‌ಲೆಸ್.

ಊರಲ್ಲಿ ಜಂತಿ ಸಾಮಾನ್ಯವಾಗಿ ಎಂ.ಎಸ್. (ಸಾದಾ ಉಕ್ಕಿನ) ಪೈಪ್. ಅದಕ್ಕೆ ಸುಲಭವೆಂದು ಹಾಕುವ 410 ಗ್ರೇಡಿನ ಸೆಲ್ಫ್ ಡ್ರಿಲ್ಲಿಂಗ್ (ತಾನೇ ತೂತು ಕೊರೆಯುವ) ಸ್ಕ್ರೂ ಸ್ಟೇನ್‌ಲೆಸ್ಸೇ ಆದರೂ ತುಕ್ಕು ಹಿಡಿಯುತ್ತದೆ. 304 ಗ್ರೇಡ್ ಉತ್ತಮ, ಆದರೆ ಮೆದು. ಪೈಪ್‌ಗೆ ಮೊದಲು ತೂತು ಹೊಡೆಯಬೇಕು. ಕಾರವಾರದ ಕಡೆ ಸಮುದ್ರಗಾಳಿಗೆ 316 ಬೇಕು, ಹುಬ್ಬಳ್ಳಿಗೆ ಆ ಖರ್ಚಿಲ್ಲ. ಅಯಸ್ಕಾಂತ ಅಂಟದಿದ್ದರೆ 304 ಎನ್ನುವ ಪರೀಕ್ಷೆ ನಂಬಬೇಡ್ರಿ, ಅಗ್ಗದ 202 ಗ್ರೇಡ್‌ಗೂ ಅದು ಅಂಟುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಜಂತಿಯನ್ನು ಸ್ಲ್ಯಾಬಿಗೆ ಬೋಲ್ಟ್ ಹೊಡೆಯಲು ಬಿಡಬೇಡಿ, ವಾಟರ್‌ಪ್ರೂಫಿಂಗ್ ತೂತಾಗಿ ಕೆಳಮನೆ ಸೋರುತ್ತದೆ. ರಬ್ಬರ್ ಪ್ಯಾಡ್ ಮೇಲೆ ಕೂಡಿಸಿ.

ಐದೂವರೆ ಇಂಚಿನ ಹಲಗೆ, 16 ಇಂಚಿಗೊಂದು ಜಂತಿ ಇದ್ದರೆ 100 ಚದರಡಿಗೆ ಸುಮಾರು 175 ಕ್ಲಿಪ್, ಇಲ್ಲವೇ 350 ಸ್ಕ್ರೂ. ಪೊಳ್ಳು ಹಲಗೆಗೆ ಜಂತಿ 12 ಇಂಚಿಗೆ ತಂದರೆ ಅದರ ಮೂರನೇ ಒಂದು ಪಾಲು ಮೇಲೆ ಸೇರಿಸಿ ತರಿಸಿ.