22ನೇ ದಿನ, 176ನೇ ವಚನ

27 ಮಾರ್ಚ್ 2025, ಗುರುವಾರ, ಧಾರವಾಡ

ಇವತ್ತ ಬೆಳಗಿನ ಜಾವ ನಾಕ್ ಗಂಟೆಕ್ಕ ಮುಗೀತು. ಸತ್ಯವೇದದಾಗಿನ (ಬೈಬಲ್) 119ನೇ ಕೀರ್ತನೆ, ಪೂರ್ತಿ 176 ವಚನ, ನೂರು ಪೇಜಿನ ನೋಟ್‌ಬುಕ್ಕಿನ್ಯಾಗ ಕೈಲೇ ಬರದು ಮುಗಿಸೀನಿ. ಆಸ್ಪತ್ರ್ಯಾಗ ನೈಟ್ ಡ್ಯೂಟಿ ಮುಗಿಸಿ ಬಂದು ಮಲಕೊಂಡ್ರೂ ನಿದ್ದಿ ಹತ್ತಲಿಲ್ಲ, ಅದಕ್ಕ ಎದ್ದು ಚಾ ಮಾಡಿಕೊಂಡು ಇದನ್ನ ಬರಿಯಾಕ ಕುಂತೀನಿ. ಮಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಅಂತ ಒಳಗ ಓದಾಕತ್ತಾನ, ಮನಿ ಶಾಂತ ಐತಿ.

ಇದು ಶುರು ಆಗಿದ್ದು ಹೆಂಗಂದ್ರ, ಜನವರಿ ಒಂದನೇ ತಾರೀಖಿಗೆ ಮೊಬೈಲ್‌ನಾಗ ಒಂದು ಆ್ಯಪ್ ಹಾಕ್ಕೊಂಡಿದ್ದೆ, ಒಂದು ವರ್ಷದಾಗ ಇಡೀ ಸತ್ಯವೇದ ಓದಿ ಮುಗಿಸೋ ಪ್ಲ್ಯಾನು. ದಿನಾ ಚಿಗರಿ ಬಸ್ಸಿನ್ಯಾಗ ಜುಬಿಲಿ ಸರ್ಕಲ್‌ದಾಗ ಹತ್ತಿ ಹುಬ್ಬಳ್ಳಿ ಹೊಸೂರಿಗೆ ಇಳಿಯೋದ್ರೊಳಗ ಮೂರು ನಾಕು ಅಧ್ಯಾಯ ಓದಿ ಟಿಕ್ ಹಾಕೋದು. ಆದಿಕಾಂಡ, ವಿಮೋಚನಕಾಂಡ ಓಡಿದವು, ಯಾಜಕಕಾಂಡಕ್ಕ ಬರೋತನಕ ಕಣ್ಣು ಅಕ್ಷರದ ಮ್ಯಾಲ, ಮನಸ್ಸು ಎಲ್ಲೋ. ಫೆಬ್ರವರಿ ಕಡೀಕ ಬೆಟಗೇರಿ ದೊಡ್ಡವ್ವ ಫೋನ್ ಮಾಡಿದಾಗ ಎಷ್ಟು ಅಧ್ಯಾಯ ಆಗ್ಯಾವಂತ ಖುಷಿಲೇ ಹೇಳಿದೆ. ಅಕಿ ಎಲ್ಲಾ ಕೇಳಿ "ಚಲೋ ಆತವ್ವಾ, ನಿನ್ನಿ ಏನ್ ಓದಿದಿ ಹೇಳು" ಅಂದ್ಲು. ಎಷ್ಟು ನೆನಸಿಕೊಂಡ್ರೂ ಒಂದು ಮಾತೂ ಬರಲಿಲ್ಲ. ಅಕಿ ಬೈಯಲಿಲ್ಲ. "ಬೂದಿ ಬುಧವಾರ ಆದ ಮರುದಿನದಿಂದ 119ನೇ ಕೀರ್ತನೆ ಹಿಡಿ, ದಿನಕ್ಕ ಎಂಟ ವಚನ, ಹೆಚ್ಚಿಗಿ ಒಂದೂ ಬ್ಯಾಡ, ಕೈಲೇ ಬರಿ" ಅಂದ್ಲು ಅಷ್ಟ. ಬೂದಿ ಬುಧವಾರ ಅಂದ್ರ ಈಸ್ಟರ್ ಮುಂಚಿನ ಉಪವಾಸದ ಕಾಲ ಶುರು ಆಗೋ ದಿನ. ಮಾರ್ಚ್ 6ಕ್ಕ ಶುರು ಮಾಡಿದೆ.

ದಿನಕ್ಕ ಎಂಟೇ ಯಾಕ ಅಂತ ನನಗ ಆಮ್ಯಾಲ ತಿಳೀತು. ಹೀಬ್ರೂ ಭಾಷೆಯಾಗ 22 ಅಕ್ಷರ, ಈ ಕೀರ್ತನೆಯೊಳಗ 22 ಭಾಗ, ಒಂದೊಂದು ಭಾಗದಾಗ ಎಂಟೆಂಟು ವಚನ, ಆ ಎಂಟೂ ಒಂದೇ ಅಕ್ಷರದಿಂದ ಶುರು ಆಗತಾವ. ಮೊದಲಿನ ಎಂಟು ಆಲೆಫ್, ಆಮ್ಯಾಲಿನ ಎಂಟು ಬೇಥ್, ಹಿಂಗ ಕಡೀ ಅಕ್ಷರ ತಾವ್ ತನಕ. ನಮ್ಮ ಕಡೆ ಸಾಲಿ ಹುಡುಗ್ರು ಅ ಆ ಇ ಈ ತಿದ್ದತಾವಲ್ಲ, ಅಂಥಾ ವರಸಿಯಾಗ ಕಟ್ಟಿದ ಪ್ರಾರ್ಥನೆ ಇದು. ಕನ್ನಡಕ್ಕ ಬಂದಾಗ ಆ ಅಕ್ಷರದ ಅಂದ ಉಳಿಯಂಗಿಲ್ಲ, ಎಂಟರ ಲೆಕ್ಕ ಅಷ್ಟ ಉಳೀತೈತಿ.

ಖರೇ ಹೇಳಬೇಕಂದ್ರ ಮೊದಲಿನ ವಾರ ಬ್ಯಾಸರ ಆತು. ಧರ್ಮಶಾಸ್ತ್ರ, ಕಟ್ಟಳೆ, ನೇಮ, ಆಜ್ಞೆ, ವಿಧಿ, ವಾಕ್ಯ, ತಿರುಗಿ ಮುರುಗಿ ಇವೇ ಶಬ್ದ. ಬರದದ್ದನ್ನ ಬರದಂಗ ಅನಸ್ತಿತ್ತು. ಆದ್ರ ಬರಿಯೋ ಮುಂದ ಕೈ ಸಾವಕಾಶ ಹೊಕ್ಕೈತಿ, ಕಣ್ಣು ಜಿಗದಂಗ ಕೈ ಜಿಗಿಯಾಕ ಬರಂಗಿಲ್ಲ, ಹಿಂಗಾಗಿ ಒಂದು ಸಂಗತಿ ಗೊತ್ತಾತು. ಮೊದಲಿನ ಮೂರು ವಚನ ದೇವರ ಬಗ್ಗೆ ಹೇಳತಾವ, ನಾಕನೇದಕ್ಕ ಒಮ್ಮಿಂದೊಮ್ಮೆಲೇ "ನೀನು" ಅಂತ ಬರತೈತಿ, ಅಲ್ಲಿಂದ ಮುಂದ ಕಡೀತನಕ ಹೆಚ್ಚುಕಡಿಮಿ ಎಲ್ಲಾ ದೇವರ ಕೂಡನ ಮಾತು. 115ರಾಗ ಒಮ್ಮೆ ಕೀರ್ತನೆ ಬರದಾಂವ ದುಷ್ಟರ ಕಡೆ ಹೊಳ್ಳಿ ನೀವು ದೂರ ಸರೀರಿ ಅಂತಾನ, ಮತ್ತ ದೇವರ ಕಡೆ ಮಾರಿ ಮಾಡತಾನ. ಅಂದ್ರ ಇದು ಓದಿ ಮುಗಿಸಿ ಆಮ್ಯಾಲ ಪ್ರಾರ್ಥನೆ ಮಾಡೋ ಅಧ್ಯಾಯ ಅಲ್ಲ, ಓದಿದ್ರನ ಪ್ರಾರ್ಥನೆ ಆತು. ನಾನು ಇಷ್ಟು ವರ್ಷ ಮೊಣಕಾಲೂರಿ ಮಗನ ಪರೀಕ್ಷೆ, ಇವರ ಶುಗರ್, ಮನಿ ಸಾಲ, ಅವರ ಕಾಯಿಲೆ, ಇವರ ಮದುವಿ ಅಂತ ಪಟ್ಟಿ ಓದಿ ಆಮೆನ್ ಅಂತಿದ್ದೆ. ಈಗ ಆ ಎಂಟು ವಚನಾನ ಒಂದೊಂದಾಗಿ ನನ್ನ ಮಾತಿನ್ಯಾಗ ಹೊಳ್ಳಿ ಹೇಳತೀನಿ. ಮಗನ ಪರೀಕ್ಷೆ ಅದರೊಳಗ ತಾನ ಬರತೈತಿ, ಬ್ಯಾರೇ ಹೇಳೋದು ಬೇಕಾಗಂಗಿಲ್ಲ.

ಮಾರ್ಚ್ 16, ಐತವಾರ, 11ನೇ ದಿನ. ರಜಾ ಇತ್ತು, ಗದಗ ಬಸ್ ಹಿಡದು ಬೆಟಗೇರಿಗೆ ಹೋಗಿದ್ದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ ಪಾದ್ರಿಗಳು ಧಾರವಾಡಕ್ಕ 1837ರಾಗ, ಬೆಟಗೇರಿಗೆ 1841ರಾಗ ಬಂದ್ರಂತ, ದೊಡ್ಡವ್ವ ಅದನ್ನ ತನ್ನ ಮನ್ಯಾಗಿನ ಮಾತಿನಂಗ ಹೇಳತಾಳ, ಅಕಿ ಮುತ್ತಜ್ಜಿಗೆ ಓದಾಕ ಬರ್ತಿರಲಿಲ್ಲಂತ, ಮಗ್ಗದ ಮುಂದ ಕುಂತು ಕೇಳಿ ಕೇಳಿನ ಕೀರ್ತನೆ ಬಾಯಿಪಾಠ ಮಾಡಿದ್ಲಂತ. ಅವತ್ತಿನ ಎಂಟರೊಳಗ 83ನೇ ವಚನ, ಹೊಗ್ಯಾಗಿನ ಬುದ್ದಲಿಯಂಗ ಆಗೀನಿ ಅಂತ ಐತಿ. ಕನ್ನಡ ನಿಘಂಟು ಬರದ ಕಿಟೆಲ್ ಹೆಸರಿನ ಕಾಲೇಜ್ ಇರೋ ಊರಾಗ ಇದ್ದೂ ಬುದ್ದಲಿ ಅಂದ್ರ ಏನಂತ ನನಗ ಗೊತ್ತಿರಲಿಲ್ಲ. ದೊಡ್ಡವ್ವ "ಚರ್ಮದ ಚೀಲವ್ವಾ, ನೀರು, ದ್ರಾಕ್ಷಾರಸ ತುಂಬೋದು" ಅಂದು, ಕೈ ಹಿಡಕೊಂಡು ಹಿತ್ತಲದಾಗಿನ ಬಚ್ಚಲಕ್ಕ ಕರಕೊಂಡು ಹೋದ್ಲು. ಅಲ್ಲಿ ನೀರು ಕಾಸೋ ಒಲಿ, ಒಲಿ ಮ್ಯಾಲಿನ ಗೋಡಿ ಕರ್ರಗ, ಮೊಳಿಗೆ ದೊಡ್ಡಪ್ಪನ ಕಾಲದ ಬಾರಕೋಲು ತೂಗಹಾಕಿತ್ತು. ಎತ್ತು ಮಾರಿ ಎಷ್ಟೋ ವರ್ಷ ಆತು, ಬಾರಕೋಲು ಅಲ್ಲೇ ಉಳದೈತಿ. ಅದರ ಚರ್ಮದ ಬಾರು ಇಳಿಸಿ ನನ್ನ ಕೈಯಾಗ ಕೊಟ್ಟು "ಮಡಚು" ಅಂದ್ಲು. ಸುಕ್ಕುಗಟ್ಟಿ ಕಟಗಿ ಆದಂಗ ಆಗಿತ್ತು, ಮಡಚಿದ್ದಕ್ಕ ಚಟ್ ಅಂತ ಸೀಳಿತು, ಬೆರಳಿಗೆಲ್ಲಾ ಕಾಡಿಗಿ. ಹೊಗ್ಯಾಗ ಇಟ್ಟ ಚೀಲಾನೂ ಹಿಂಗ, ಏನೂ ತುಂಬಾಕ ಬರಂಗಿಲ್ಲ. ಅಂಥಾದ್ದು ಆಗೀನಿ, ಆದ್ರೂ ನಿನ್ನ ವಿಧಿ ಮರತಿಲ್ಲ ಅಂತಾನ ಆ ಮನಷ್ಯಾ. ಬಸ್ಸಿನ್ಯಾಗ ಹೊಳ್ಳಿ ಬರೋ ಮುಂದ ಅಣ್ಣಿಗೇರಿ ದಾಟೋತನಕ ಬೆರಳಾಗಿನ ಕರೀ ನೋಡಿಕೋತ ಕುಂತಿದ್ದೆ, ಅಳು ಬಂತು, ಯಾಕಂತ ಸರಿಯಾಗಿ ಹೇಳಾಕ ಬರಂಗಿಲ್ಲ.

ನಡುವ ರಂಗಪಂಚಮಿಗೆ ಒಂದಿನ ತಪ್ಪಿತು, ಮರುದಿನ ಎರಡು ಭಾಗ ಬರದೆ.

ಹೆಚ್ಚಿಗಿ ಬರದದ್ದು ರಾತ್ರಿನ, ಮೂರರ ಬಿ.ಪಿ., ಟೆಂಪರೇಚರ್ ನೋಡಿ ಚಾರ್ಟ್ ತುಂಬಿದ ಮ್ಯಾಲ. 148ನೇ ವಚನದಾಗ ರಾತ್ರಿ ಜಾವ ಜಾವಕ್ಕೂ ಮೊದಲ ಕಣ್ಣು ತೆರದಿರತಾವ ಅಂತ ಬಂದಾಗ, 62ರಾಗ ನಡುರಾತ್ರಿ ಎದ್ದು ಸ್ತೋತ್ರ ಮಾಡತೀನಿ ಅಂತ ಬಂದಾಗ, ಇಂವ ನಮ್ಮ ಶಿಫ್ಟಿನವನ ಅನಿಸ್ತು. ಅವತ್ತೊಂದಿನ ನವಲಗುಂದ ಕಡೆ ಅಜ್ಜ ಒಬ್ರು, ಉಸಿರಿನ ತ್ರಾಸ, ಮಲಗಾಕ ಬರ್ತಿರಲಿಲ್ಲ, ದಿಂಬಿಗೆ ಆನಿಕೊಂಡು ಕುಂತು ನನ್ನನ್ನ ನೋಡಾಕತ್ತಿದ್ರು. ಹತ್ರ ಹೋದ್ರ "ಏನ್ ಬರೀತೀಯವ್ವಾ, ವಚನ ಏನು?" ಅಂದ್ರು. "ಹೌದ್ರಿ ಯಜ್ಜಾ, ವಚನನ" ಅಂದೆ. "ನಾನೂ ಸಾಲ್ಯಾಗ ಇದ್ದಾಗ ಬಸವಣ್ಣನವರ ವಚನ ಬರೀತಿದ್ದೆ, ಬರದದ್ದು ಮರಿಯಂಗಿಲ್ಲ ನೋಡು" ಅಂದು, ನಡುನಡುವ ಉಸಿರು ತೊಗೊಂಡು ಒಂದು ವಚನ ಪೂರ್ತಿ ಅಂದ್ರು. ನಾನು ನಿಂತು ಕೇಳಿದೆ. ಆಮ್ಯಾಲ ನೆಬ್ಯುಲೈಸರ್ ಹಚ್ಚಿದೆ.

ಈಗ ಬರಿಯಾಕ ಕಷ್ಟ ಅನಸೋದು. ಎರಡು ತಿಂಗಳ ಹಿಂದ ನನಗಿಂತ ಸೀನಿಯರ್ ಒಬ್ರು ತಾವು ಬಿಟ್ಟ ಔಷಧ ನಾನು ಬಿಟ್ಟೀನಿ ಅಂತ ಹೇಳಿ, ಎಲ್ಲಾರ ಮುಂದ ನನಗ ಮಾತು ಕೇಳೋಹಂಗ ಮಾಡಿದ್ರು. ಆ ಬೆಂಕಿ ಹೊಟ್ಟ್ಯಾಗ ಹಂಗ ಇತ್ತು. 9ನೇ ದಿನ 69ನೇ ವಚನ ಬಂತು, ಗರ್ವಿಷ್ಠರು ನನ್ನ ಮ್ಯಾಲ ಸುಳ್ಳು ಕಟ್ಟ್ಯಾರ ಅಂತ. ಅದನ್ನ ಒತ್ತಿ ಒತ್ತಿ ಬರದೆ, ಹಿಂದಿನ ಪೇಜಿಗೆ ಅಚ್ಚು ಮೂಡೈತಿ, ಈಗೂ ಕಾಣತೈತಿ. ಅದಾದ ಎರಡೇ ವಚನಕ್ಕ, 71ರಾಗ, ಕಷ್ಟ ಪಟ್ಟದ್ದು ನನಗ ಒಳ್ಳೇದಾತು ಅಂತ ಐತಿ, ಅದನ್ನ ಸುಮ್ನ ಬರದು ಪೇಜ್ ಹೊಳ್ಳಿಸಿದ್ದೆ. ಆಮ್ಯಾಲೂ ಗರ್ವಿಷ್ಠರು ಅಂತ ಬಂದಾಗೆಲ್ಲಾ ಆ ಸೀನಿಯರ್ ಮಾರಿನ ಕಣ್ಣ ಮುಂದ.

ಇವತ್ತ ಕಡೀ ಎಂಟು. 175 ವಚನದ ತನಕ ನಿನ್ನ ವಾಕ್ಯ ಅಂದ್ರ ನನಗ ಜೀವ, ಬಂಗಾರಕ್ಕಿಂತ ಹೆಚ್ಚು, ದಿನಕ್ಕ ಏಳು ಸಲ ಹೊಗಳತೀನಿ ಅಂದ ಮನಷ್ಯಾ, ಕಡೀ ವಚನಕ್ಕ ಬಂದು, ತಪ್ಪಿಸಿಕೊಂಡ ಕುರಿಯಂಗ ದಾರಿ ಬಿಟ್ಟೀನಿ, ನೀನ ಬಂದು ಹುಡಕು ಅಂತಾನ. ಪೆನ್ ನಿಂತಬಿಡ್ತು. ನಾನು 176ಕ್ಕ ಬರೋತನಕ ಇಂವ ಎಲ್ಲೋ ಎತ್ತರಕ್ಕ ಮುಟ್ಟಿರತಾನ, ನಾನೂ ಇವನ ಹಿಂದ ಸ್ವಲ್ಪರ ಏರಿರತೀನಿ ಅಂದ್ಕೊಂಡಿದ್ದೆ. ಮೂರು ವಾರ ಆದ ಮ್ಯಾಲ ನನ್ನ ಆತ್ಮಿಕ ಜೀವನ ಬೆಳದೈತೇನು ಅಂತ ಅಳತಿ ಮಾಡಾಕ ತಯಾರಾಗಿ ಕುಂತಿದ್ದೆ. ಇಂವ ನೋಡಿದ್ರ ನನ್ನ ಹುಡಕು ಅಂತ ಕೈ ಚಾಚ್ಯಾನ. ಆ ಹೊತ್ತಿನ್ಯಾಗ ಸೀನಿಯರ್ ಮಾರಿ ನೆನಪಾಗಲಿಲ್ಲ. ಹೋದ ವರ್ಷ ನಮ್ಮ ವಾರ್ಡಿಗೆ ಹೊಸದಾಗಿ ಬಂದ ಹುಡುಗಿ ನೆನಪಾದ್ಲು. ಅಕಿ ಸಲೈನ್ ಮುಗದದ್ದು ನೋಡಲಿಲ್ಲಂತ ಪೇಷಂಟ್ ಕಡೇ ಮಂದಿ ಮುಂದನ ಜೋರಲೇ ಬೈದಿದ್ದೆ. ಬಾಟಲಿ ನೋಡಬೇಕಾಗಿದ್ದಾಕಿ ನಾನು, ಅದು ನನಗ ಆಗಲೇ ಗೊತ್ತಿತ್ತು. ಅಕಿ ಲಿನನ್ ರೂಮಿನ್ಯಾಗ ಹೋಗಿ ಅತ್ತು ಮಾರಿ ತೊಳಕೊಂಡು ಬಂದಿದ್ದನ್ನ ನೋಡಿಯೂ ಸುಮ್ನಿದ್ದೆ. ಒಂದು ವರ್ಷ ದಿನಾ ಅಕಿ ಕೂಡ ಡ್ಯೂಟಿ ಮಾಡೀನಿ, ಇದು ಒಂದಿನಾನೂ ಪ್ರಾರ್ಥನೆದಾಗ ಬಂದಿರಲಿಲ್ಲ.

176ನೇದನ್ನ ಬರದೆ. ಆ ಹುಡುಗಿ ಹೆಸರು ಹೇಳಿ ಕ್ಷಮೆ ಕೇಳಿದೆ, ಅಲ್ಲೇ, ಟೇಬಲ್ಲಿಗೆ ಹಣಿ ಹಚ್ಚಿ.

ಎಂಟಕ್ಕ ಹ್ಯಾಂಡೋವರ್ ತೊಗೊಳ್ಳಾಕ ಬಂದಾಕಿ ಅಕಿನ. ಬೆಡ್ ಬೆಡ್ ತಿರುಗಿ ಎಲ್ಲಾ ಹೇಳಿ ಮುಗಿಸಿದ ಮ್ಯಾಲ "ಒಂದ್ನಿಮಿಷ ಬಾ ತಂಗಿ" ಅಂತ ಆಚೆ ಕರದು ಹೇಳಿದೆ, ಅವತ್ತಿನ ಸಲೈನ್ ತಪ್ಪು ನಂದಿತ್ತು, ನಿನ್ನ ಮ್ಯಾಲ ಹಾಕಿದ್ದೆ ಅಂತ. ಅಕಿ ಸ್ವಲ್ಪ ಹೊತ್ತು ಕೆಳಗ ನೋಡಿದ್ಲು. "ನನಗ ಗೊತ್ತಿತ್ರಿ ಅಕ್ಕಾ" ಅಂದ್ಲು. ನನ್ನ ಬಾಯಾಗಿಂದ ಮಾತ ಹೊರಡಲಿಲ್ಲ. ಅಕಿನ ಆಮ್ಯಾಲ "ಹೋಗ್ರಿ, ನಿದ್ದಿ ಇಲ್ಲ ನಿಮಗ, ಬಸ್ ಗದ್ದಲ ಆಗತೈತಿ" ಅಂದು ನನ್ನ ಕೈಯಾಗಿನ ಚಾರ್ಟ್ ತೊಗೊಂಡ್ಲು. ಇವತ್ತ ರಾತ್ರಿ ಮತ್ತ ಡ್ಯೂಟಿ ಐತಿ, ಅಕಿ ಕಡಿಂದನ ಹ್ಯಾಂಡೋವರ್ ತೊಗೋಬೇಕು.