ಜೂನ್ ಒಂದರ ಕೇಕ್

ಬಾಗಲಕೋಟೆ ನವನಗರದ ನಮ್ಮ ಕಚೇರಿಯಲ್ಲಿ ಸಿಬ್ಬಂದಿ ಶಾಖೆ ನನ್ನದು. ಯಾರು ಯಾವಾಗ ಹುಟ್ಟಿದರು, ಯಾವಾಗ ನಿವೃತ್ತರಾಗುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ. ಆದರೂ ಜೂನ್ 1ರ ಮಧ್ಯಾಹ್ನ, ಸಾಹೇಬರು ಕಡತ ತೆಗೆದುಕೊಂಡು ಸಭಾಂಗಣಕ್ಕೆ ಬರಲು ಹೇಳಿದ್ದಾರೆ ಎಂದಾಗ ಏನೂ ಹೊಳೆಯಲಿಲ್ಲ. ಎದೆಗವಚಿಕೊಂಡ ಕಡತಗಳ ಮೇಲೆ ನಮ್ಮ ಸಿಪಾಯಿ ಕಾಕಾ ಅವರ ಸೇವಾ ಪುಸ್ತಕವಿತ್ತು. ಅವರ ಪಿಂಚಣಿಯ ಕಾಗದಪತ್ರ ಸಿದ್ಧಪಡಿಸುತ್ತಿದ್ದೆ.

ಬಾಗಿಲು ತಳ್ಳಿದ್ದೇ ತಡ, ಬಿಳಿ ನೊರೆ ಬುಸ್ಸೆಂದು ಹಾರಿ ಬಂತು. ನನ್ನ ಮುಖಕ್ಕೆ, ಸೀರೆಗೆ, ಆ ಪುಸ್ತಕಕ್ಕೆ.

"ಒಬ್ಬರು ಜೀವಮಾನವಿಡೀ ದುಡಿದದ್ದು ಇದರಲ್ಲಿದೆ, ಅಷ್ಟೂ ತಿಳಿಯುವುದಿಲ್ಲವೇ ನಿನಗೆ?" ಎಂದು ಕೂಗಿಬಿಟ್ಟೆ. ನೊರೆ ಹಾರಿಸಿದವಳು ಮೂರು ತಿಂಗಳ ಹಿಂದೆ ಸೇರಿದ ಹುಡುಗಿ. ಅವಳ ಕಣ್ಣು ತುಂಬಿದವು. ಆಮೇಲೆ ಕಂಡದ್ದು ಮೇಜಿನ ಮೇಲಿನ ಕೇಕ್, ಅದರ ಮೇಲೆ ನನ್ನ ಹೆಸರು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು.

ಜೂನ್ 1 ನಾನು ಹುಟ್ಟಿದ ದಿನವೇ ಅಲ್ಲ. ಶಾಲೆ ಶುರುವಾಗುವ ತಿಂಗಳೆಂದು ಮಾಸ್ತರರು ಬರೆದುಕೊಂಡ ತಾರೀಖು ಅದು. ನಮ್ಮ ವಯಸ್ಸಿನ ಎಷ್ಟೋ ಜನರ ದಾಖಲೆಯಲ್ಲಿ ಅದೇ ಇದೆ. ಒಂದನೇ ತಾರೀಖು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ಅದಕ್ಕೇ ಪ್ರತಿ ಮೇ 31ಕ್ಕೆ ಕಚೇರಿಗಳಲ್ಲಿ ಅಷ್ಟೊಂದು ಹಾರಗಳು. ಅವ್ವ ನನ್ನನ್ನು ಹೆತ್ತದ್ದು ಎಳ್ಳ ಅಮಾವಾಸ್ಯೆಯಂದು, ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಮನೆಗೆ ಬಂದ ಸಂಜೆ. ಆ ಹೊಲ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ.

ಮೇಣದಬತ್ತಿ ಊದಿ ಎಂದರು. ದೀಪ ಆರಿಸು ಎಂಬ ಮಾತನ್ನೂ ಅವ್ವ ಆಡಗೊಡುತ್ತಿರಲಿಲ್ಲ, ಶಾಂತ ಮಾಡು ಎನ್ನಬೇಕಿತ್ತು. ಊದಲು ಬಾಯಿ ಬರಲಿಲ್ಲ, ಕೈ ಬೀಸಿ ಶಾಂತ ಮಾಡಿದೆ.

ಅಷ್ಟರಲ್ಲಿ ಕಾಕಾ ಒಣ ಬಟ್ಟೆ ತಂದು ತಮ್ಮ ಸೇವಾ ಪುಸ್ತಕವನ್ನು ತಾವೇ ಒರೆಸತೊಡಗಿದರು. ಮೊದಲ ಪುಟ ತೆರೆದಿತ್ತು: ಜನ್ಮ ದಿನಾಂಕ, ಜೂನ್ 1. ಪ್ರತಿದಿನ ಅದೇ ಪುಟ ತಿರುವಿದವಳು ನಾನು. ಒಂದು ವರ್ಷವೂ ಅವರಿಗೆ ಶುಭಾಶಯ ಹೇಳಿರಲಿಲ್ಲ. ಹುಡುಗಿಯನ್ನು ಗದರಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

"ಕಾಕಾ, ನಿಮ್ಮದೂ ಇವತ್ತೇ ಅಲ್ಲವೇ?"

"ಅದು ಮಾಸ್ತರರು ಕೊಟ್ಟ ದಿನ, ಮೇಡಂ. ನಮ್ಮವ್ವ ಹೇಳುತ್ತಿದ್ದದ್ದು, ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ಹುಟ್ಟಿದೆ ಎಂದು."

ಚಾಕುವನ್ನು ಅವರ ಕೈಗೆ ಕೊಟ್ಟೆ. ಮೊದಲ ತುಂಡನ್ನು ಅವರು ಆ ಹುಡುಗಿಗೆ ತಿನ್ನಿಸಿದರು. ತಪ್ಪಾಯಿತು ಎಂದು ನಾನು ಅವಳ ಕೈ ಹಿಡಿದುಕೊಂಡೆ. ಅವಳು ಮೂಗು ಒರೆಸಿಕೊಳ್ಳುತ್ತಲೇ ಕೇಳಿದಳು, "ಹಾಗಾದರೆ ನಿಮ್ಮ ನಿಜವಾದ ದಿನ ಯಾವುದು, ಅಕ್ಕಾ?"

ಹೇಳಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಎಳ್ಳ ಅಮಾವಾಸ್ಯೆಯನ್ನು ಹುಡುಕಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದಾಳೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲವನ್ನೂ ನಾನೇ ತರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.